ಆ ನೂರು ಮಂದಿ ಎಲ್ಲಿದ್ದಾರೆ?

ನಮ್ಮ ನಗರದ ವಾಣಿಜ್ಯ ಕಾಲೇಜುಗಳ ಗ್ರಂಥಾಲಯದಲ್ಲಿ ಬಿ.ಬಿ.ಎ., ಎಂ.ಕಾಂ., ಎಂ.ಬಿ.ಎ. ವಿದ್ಯಾರ್ಥಿಗಳು ಒಪ್ಪಿಸಿದ ಪ್ರಾಜೆಕ್ಟ್ ವರದಿಗಳ ಕಪಾಟೊಂದಿರುತ್ತದೆ. ಅದನ್ನು ತೆರೆಸಿ ನೋಡಿ. ದಪ್ಪ ರಟ್ಟಿನ ಮೇಲೆ ಚಿನ್ನದ ಬಣ್ಣದ ಅಕ್ಷರ. ಒಳಗೆ ಹೆಚ್ಚುಕಡಿಮೆ ಒಂದೇ ಕಥೆ: ಬೆಂಗಳೂರು ನಗರದಲ್ಲಿ ಇಂಥ ಸೋಪಿನ, ಇಂಥ ಮೊಬೈಲಿನ, ಇಂಥ ಬ್ಯಾಂಕಿನ ಬಗ್ಗೆ ಗ್ರಾಹಕರ ತೃಪ್ತಿ. ಮಾದರಿಯ ಗಾತ್ರ ನೂರು. ಆಯ್ಕೆಯ ವಿಧಾನ 'ಅನುಕೂಲದ ಮಾದರಿ'. ಫಲಿತಾಂಶ, ಬಹುಪಾಲು ಗ್ರಾಹಕರು ತೃಪ್ತರು. ಸಲಹೆ, ಕಂಪನಿಯವರು ಜಾಹೀರಾತು ಹೆಚ್ಚಿಸಬೇಕು. ಒಳ್ಳೆಯ ಅಪವಾದಗಳು ಇವೆ, ಇಲ್ಲವೆನ್ನುವುದಿಲ್ಲ. ಆದರೆ ಸೋಪು ಬದಲಾದರೂ ಆ ನೂರು ಮಂದಿ ಬದಲಾಗುವುದಿಲ್ಲ.

ನಮ್ಮ ಪ್ರಶ್ನೆ ಇಷ್ಟೆ: ಆ ನೂರು ಮಂದಿ ಎಲ್ಲಿದ್ದಾರೆ?

ಉತ್ತರ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವರಲ್ಲಿ ನಲವತ್ತು ಮಂದಿ ಅದೇ ತರಗತಿಯ ಗೆಳೆಯರು. ವಾಟ್ಸಾಪಿನಲ್ಲಿ ಬಂದ ಗೂಗಲ್ ಫಾರ್ಮಿಗೆ, ನೀನು ನನ್ನದು ತುಂಬು ನಾನು ನಿನ್ನದು ತುಂಬುತ್ತೇನೆ ಎಂಬ ಕರಾರಿನ ಮೇಲೆ ಉತ್ತರ ಕೊಟ್ಟವರು. ಉಳಿದವರು ಹುಟ್ಟಿಯೇ ಇಲ್ಲ. ವರದಿ ಒಪ್ಪಿಸುವ ಹಿಂದಿನ ರಾತ್ರಿ ಜನಿಸಿ, ಬೈಂಡಿಂಗ್ ಆಗುವಷ್ಟರಲ್ಲಿ ತೀರಿಕೊಂಡವರು.

ಇದು ನಡೆಯುತ್ತಿರುವ ಜಾಗ ಯಾವುದೆಂದು ನೆನೆದರೆ ನಾಚಿಕೆಯಾಗುತ್ತದೆ. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷ್ ದಂಡು ಬೀಡುಬಿಟ್ಟ ದಿನದಿಂದ ಬೆಂಗಳೂರಿನ ಈ ಪೂರ್ವಭಾಗ ಬೆಳೆದದ್ದೇ ವ್ಯಾಪಾರದ ಮೇಲೆ. ಪೇಟೆಯೂ ದಂಡೂ 1949ರಲ್ಲಿ ಒಂದೇ ಕಾರ್ಪೊರೇಷನ್ನಿಗೆ ಸೇರಿದವು; ಆದರೆ ದಂಡಿನ ಬಜಾರು ತನ್ನ ದಾರಿ ಬಿಡಲಿಲ್ಲ. 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟು, ಕಮರ್ಷಿಯಲ್ ಸ್ಟ್ರೀಟು, ಶಿವಾಜಿನಗರದ ಗುಜರಿ ಅಂಗಡಿಗಳು, ಹಲಸೂರಿನ ಬಜಾರ್ ಬೀದಿ, ಆಚೆಗೆ ಕೆ.ಆರ್. ಪುರದ ಸಂತೆ. ಒಂದು ಕಿಲೋ ಟೊಮ್ಯಾಟೊ ಕೊಳ್ಳುವಷ್ಟರಲ್ಲಿ ಕನ್ನಡ, ದಖನಿ, ತಮಿಳು ಮೂರೂ ಕಿವಿಗೆ ಬೀಳುತ್ತವೆ. ಮಾರುಕಟ್ಟೆ ಸಂಶೋಧನೆ ಕಲಿಯಲು ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ಬೇಕೆ? ಕೋಶ ಓದು, ದೇಶ ಸುತ್ತು ಎಂದರು ಹಿರಿಯರು. ನಮ್ಮ ವಿದ್ಯಾರ್ಥಿಗೆ ಕಾಲೇಜಿನ ಗೇಟು ದಾಟಿದರೆ ದೇಶ. ಆ ಗೇಟನ್ನೇ ನಾವು ದಾಟಿಸುತ್ತಿಲ್ಲ.

ಅನುಕೂಲದ ಮಾದರಿಯಿಂದ ಏನಾಗುತ್ತದೆಂದು ಜಗತ್ತು ಒಮ್ಮೆ ಕಂಡಿದೆ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ 'ಲಿಟರರಿ ಡೈಜೆಸ್ಟ್' ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಚೀಟಿ ಕಳಿಸಿ, ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಗೆದ್ದವರು ರೂಸ್‌ವೆಲ್ಟ್, ಅದೂ ಭಾರಿ ಅಂತರದಲ್ಲಿ. ಪತ್ರಿಕೆ ವಿಳಾಸಗಳನ್ನು ಆಯ್ದದ್ದು ಟೆಲಿಫೋನ್ ಡೈರೆಕ್ಟರಿಯಿಂದ, ಕಾರು ನೋಂದಣಿಯ ಪಟ್ಟಿಯಿಂದ. ಫೋನು ಕಾರು ಇಲ್ಲದ ಬಡವರು ಅದರ ಲೆಕ್ಕದಲ್ಲಿ ಇರಲಿಲ್ಲ. ಇದ್ದವರಲ್ಲೂ ಉತ್ತರ ಬರೆದು ಕಳಿಸಿದವರು ಕೆಲವರೇ. ಬಹಳಷ್ಟು ಕಡಿಮೆ ಜನರನ್ನು ಕೇಳಿದ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದರು, ಏಕೆಂದರೆ ಯಾರನ್ನು ಕೇಳಬೇಕೆಂದು ಅವರು ಯೋಚಿಸಿದ್ದರು. ಈ ಪಾಠ ನಮ್ಮ ವಿದ್ಯಾರ್ಥಿಗಳಿಗೆ ಪರೀಕ್ಷೆಯ ಪ್ರಶ್ನೆಯಾಗಿ ಬಾಯಿಪಾಠ. ಅದೇ ಸಂಜೆ ಅವರು ವಾಟ್ಸಾಪ್ ಗುಂಪಿಗೆ ಫಾರ್ಮು ಕಳಿಸುತ್ತಾರೆ.

ನಮ್ಮ ಮೆಟ್ರೋವನ್ನೇ ನೋಡಿ. 2011ರ ಅಕ್ಟೋಬರಿನಲ್ಲಿ ಶುರುವಾದ ಮೊದಲ ಮಾರ್ಗ ಹಲಸೂರು, ಇಂದಿರಾನಗರಗಳನ್ನು ಹಾದು ಬೈಯಪ್ಪನಹಳ್ಳಿಗೆ ಹೋಯಿತು. 2023ರ ಅಕ್ಟೋಬರಿನಲ್ಲಿ ಅಲ್ಲಿಂದ ಕೆ.ಆರ್. ಪುರಕ್ಕೂ ರೈಲು ಬೆಸೆಯಿತು. ಇಂದಿರಾನಗರದ ನೂರಡಿ ರಸ್ತೆಯ ಕಾಫಿ ಅಂಗಡಿಯ ಮುಂದೆ ನಿಂತು ನೂರು ಮಂದಿಯನ್ನು ಕೇಳಿದರೆ ಒಂದು ಬೆಂಗಳೂರು ಸಿಗುತ್ತದೆ. ಕೆ.ಆರ್. ಪುರದ ಸಂತೆಯಲ್ಲಿ ಕೇಳಿದರೆ ಇನ್ನೊಂದು. ವರದಿಯ ಶೀರ್ಷಿಕೆಯಲ್ಲಿ ಮಾತ್ರ ಎರಡೂ 'ಬೆಂಗಳೂರು ನಗರ'. ಇದು ಸುಳ್ಳಲ್ಲವೆ?

ಇನ್ನು ಭಾಷೆಯ ಮಾತು. ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಓದಿ ಕಥೆ ಬರೆಯುವ ನಮಗೆ ಇದು ಹೆಚ್ಚು ಚುಚ್ಚುತ್ತದೆ. 1932ರಲ್ಲಿ ರೆನ್ಸಿಸ್ ಲೈಕರ್ಟ್ ರೂಪಿಸಿದ ಅಳತೆಪಟ್ಟಿ ಇಂದು ಪ್ರತಿ ಪ್ರಶ್ನಾವಳಿಯಲ್ಲೂ ಇದೆ: ಬಹಳ ತೃಪ್ತಿ, ತೃಪ್ತಿ, ತಟಸ್ಥ, ಅತೃಪ್ತಿ, ಬಹಳ ಅತೃಪ್ತಿ. ಇಂಗ್ಲಿಷಿನಲ್ಲಿ ಅಚ್ಚಾದ ಈ ಹಾಳೆ ಹಿಡಿದು ಹುಡುಗನೊಬ್ಬ ಬೀದಿಗೆ ಬಂದನೆಂದೇ ಇಟ್ಟುಕೊಳ್ಳೋಣ. ಸೋಪು ಹೇಗಿದೆ ಎಂದರೆ ಕನ್ನಡದ ಅಕ್ಕ "ಪರವಾಗಿಲ್ಲ" ಎನ್ನುತ್ತಾರೆ. ತಮಿಳಿನ ಅಮ್ಮ "ಪರವಾಯಿಲ್ಲೆ" ಎನ್ನುತ್ತಾರೆ. ದಖನಿಯ ಖಾಲಾ "ಚಲ್ತಾ" ಎನ್ನುತ್ತಾರೆ. ಈ ಮೂರು ಮಾತುಗಳನ್ನು ಯಾವ ಮನೆಗೆ ತುಂಬುವುದು? "ಪರವಾಗಿಲ್ಲ" ಎಂಬುದರಲ್ಲಿ ಚೆನ್ನಾಗಿದೆ ಎಂಬ ಅರ್ಥವಿದೆ, ಬೇರೆ ಗತಿಯಿಲ್ಲ ಎಂಬ ಅರ್ಥವೂ ಇದೆ. ಯಾವುದೆಂದು ತಿಳಿಯಲು ಹೇಳಿದವರ ದನಿ ಕೇಳಬೇಕು, ಇನ್ನೊಂದು ಪ್ರಶ್ನೆ ಹಾಕಬೇಕು. ಪ್ರಶ್ನೆಯನ್ನು ಒಬ್ಬರು ಅನುವಾದಿಸಿ, ಮೂಲ ನೋಡದ ಇನ್ನೊಬ್ಬರು ಅದನ್ನು ಮರಳಿ ಅನುವಾದಿಸಿ, ಎರಡನ್ನೂ ತಾಳೆ ನೋಡುವ ಕ್ರಮ ಸಂಶೋಧನಾ ವಿಧಾನದಲ್ಲೇ ಇದೆ. ಅದನ್ನು ಮಾಡಿಸುವ ತರಗತಿಗಳು ಎಷ್ಟಿವೆ?

ಕೇಳುವ ರೀತಿ ತಪ್ಪಿದರೆ ಮನುಷ್ಯರೇ ಕಾಣೆಯಾಗುತ್ತಾರೆ. ನಮ್ಮ ದೇಶದ ಮಾರುಕಟ್ಟೆ ಸಂಶೋಧಕರು 1988ರಿಂದ ನಗರದ ಮನೆಗಳನ್ನು ಎ, ಬಿ, ಸಿ, ಡಿ, ಇ ಎಂದು ವಿಂಗಡಿಸಿದ್ದು ಮನೆಯ ಮುಖ್ಯ ದುಡಿಮೆಗಾರನ ಉದ್ಯೋಗ ಮತ್ತು ಓದಿನ ಮೇಲೆ. 2011ರಲ್ಲಿ ಅದು ಬದಲಾಗಿ, ಓದಿನ ಜೊತೆಗೆ ಫ್ಯಾನು, ಫ್ರಿಜ್ಜು, ಟಿವಿ ಮುಂತಾದ 11 ಸ್ವತ್ತುಗಳ ಎಣಿಕೆ ಬಂತು. ಮನೆಯಲ್ಲಿ ಕೂತು ಬಟ್ಟೆ ಹೊಲಿದು, ಚೀಟಿ ಕಟ್ಟಿ, ಮಕ್ಕಳ ಫೀಜು ಹೊಂದಿಸುವ ಹೆಂಗಸು ಈ ಎರಡೂ ಪಟ್ಟಿಯಲ್ಲಿ ಎಲ್ಲಿದ್ದಳು? ಮನೆಯಲ್ಲಿ ಅತಿ ಹೆಚ್ಚು ಓದಿದ ಹೆಂಗಸಿನ ಓದನ್ನೂ ಲೆಕ್ಕಕ್ಕೆ ಹಿಡಿಯುವ ಹೊಸ ವಿಂಗಡಣೆ ಬಂದದ್ದು ತೀರಾ ಈಚೆಗೆ. ಶಿವಾಜಿನಗರದ ಒಂದು ಗಲ್ಲಿಯಲ್ಲಿ ಹತ್ತು ಮನೆ ಹೊಕ್ಕು ಬಂದ ವಿದ್ಯಾರ್ಥಿನಿ ಇದನ್ನು ಬಹಳ ಹಿಂದೆಯೇ ಹೇಳುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ನಮ್ಮ ಸಿಟ್ಟು ಇರುವುದು ಇಲ್ಲಿ. ಈ ಬೀದಿಗಳಿಂದ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹುಡುಗ ಹುಡುಗಿಯರಿಗೆ ನಾಲ್ಕು ಭಾಷೆ ಬರುತ್ತದೆ. ಯಾವ ಬಾಗಿಲನ್ನು ಎಷ್ಟು ಹೊತ್ತಿಗೆ ತಟ್ಟಬೇಕು, ಆದಾಯವನ್ನು ನೇರ ಕೇಳದೆ ಹೇಗೆ ತಿಳಿಯಬೇಕು, ಉದ್ದರಿ ಲೆಕ್ಕ ಯಾವ ಪುಸ್ತಕದಲ್ಲಿರುತ್ತದೆ, ಎಲ್ಲ ಗೊತ್ತು. ಆದರೆ ಇದು ವಿದ್ಯೆಯೆಂದು ತರಗತಿಯಲ್ಲಿ ಯಾರೂ ಅವರಿಗೆ ಹೇಳುವುದಿಲ್ಲ. ಇಂಗ್ಲಿಷು ತಡವರಿಸುತ್ತದೆಂದು ಹಿಂದಿನ ಬೆಂಚಿಗೆ ಕೂರುತ್ತಾರೆ. ಪದವಿ ಮುಗಿದ ಮೇಲೆ ಇದೇ ಭಾಷೆ, ಇದೇ ಪರಿಚಯ ನಂಬಿ ಏಜೆನ್ಸಿಗಳು ಅವರನ್ನು ದಿನಗೂಲಿಯ ಸರ್ವೇ ಕೆಲಸಕ್ಕೆ ಕರೆಯುತ್ತವೆ. ಬಿಸಿಲಲ್ಲಿ ಉತ್ತರ ತರುವವರು ಇವರು; ಆ ಉತ್ತರಕ್ಕೆ ಅರ್ಥ ಬರೆದು ಸಂಬಳ ಎಣಿಸುವವರು ಬೇರೆ. ಕಾಲೇಜು ಈ ಗೋಡೆ ಒಡೆಯಬೇಕಿತ್ತು. ಹುಸಿ ವರದಿ ಬರೆಸಿ ಅದನ್ನೇ ಗಟ್ಟಿ ಮಾಡುತ್ತಿದೆ.

ಅಧ್ಯಾಪಕರ ಕಷ್ಟ ನಮಗೆ ತಿಳಿಯದ್ದಲ್ಲ. ಎಷ್ಟೋ ಕಡೆ ಪಾಠ ನಡೆಯುವುದು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಒಬ್ಬೊಬ್ಬರ ಕೈಯಲ್ಲಿ ಹತ್ತಾರು ವರದಿ. ಹುಡುಗರಿಗೂ ಸಂಜೆ ಅಂಗಡಿ ಕೆಲಸ. ನಿಜ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಗಿ, ಆಡಳಿತ ಜ್ಞಾನಭಾರತಿ, ಸೆಂಟ್ರಲ್ ಕಾಲೇಜು ಮತ್ತು ಕೋಲಾರದ ಟಮಕಕ್ಕೆ ಹಂಚಿಹೋಯಿತು. ವರದಿ ಮಾತ್ರ ಹಳೆಯದೇ. ಕೃತಿಚೌರ್ಯ ತಡೆಯಲು ಯುಜಿಸಿ 2018ರಲ್ಲಿ ನಿಯಮ ತಂದಿತು. ಬೇರೆಯವರ ವಾಕ್ಯ ಕದ್ದರೆ ತಂತ್ರಾಂಶ ಹಿಡಿಯುತ್ತದೆ. ಇಲ್ಲದ ಮನುಷ್ಯರನ್ನು ಸೃಷ್ಟಿಸಿ ಅವರ ಬಾಯಲ್ಲಿ ಉತ್ತರ ಹಾಕಿದರೆ ಯಾವ ತಂತ್ರಾಂಶವೂ ಹಿಡಿಯದು. ಅದಕ್ಕೆ ಬೇಕಾದದ್ದು ಹೋಗಿ ನೋಡುವ ಗುರು.

ಹೋಗಿ ನೋಡುವ ಪರಂಪರೆ ನಮ್ಮ ದೇಶದ್ದೇ. 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದ ಪ್ರಶಾಂತಚಂದ್ರ ಮಹಾಲನೋಬಿಸ್, ಒಂದೇ ಪ್ರದೇಶಕ್ಕೆ ಬೇರೆ ಬೇರೆ ಮಾದರಿ ಕೊಟ್ಟು ಬೇರೆ ಬೇರೆ ತಂಡ ಕಳಿಸಿ, ಅವರು ತಂದದ್ದನ್ನು ತಾಳೆ ನೋಡುವ ಪದ್ಧತಿ ತಂದರು. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹಿಂದೆ ಅವರಿದ್ದರು. ಆ ಸಮೀಕ್ಷೆಯ ಅಂಕಿಗಳು, ಜನಗಣತಿಯ ಅಂಕಿಗಳು ಇದ್ದುದರಿಂದಲೇ 2006ರ ಸಾಚಾರ್ ವರದಿ ಮುಸ್ಲಿಮರ ಓದು, ಉದ್ಯೋಗ, ಸಾಲದ ಸ್ಥಿತಿಯನ್ನು ದೇಶದ ಮುಂದಿಡಲು ಸಾಧ್ಯವಾಯಿತು. ಯಾರೋ ಒಬ್ಬ ಗಣತಿದಾರ ಬಾಗಿಲು ತಟ್ಟದೆ ಮನೆಯಲ್ಲೇ ಕೂತು ಹಾಳೆ ತುಂಬಿದ್ದರೆ ನಮ್ಮ ಸಂಕಟಕ್ಕೆ ಸಾಕ್ಷಿ ಎಲ್ಲಿರುತ್ತಿತ್ತು? ಇಂದು ಸೋಪಿನ ಬಗ್ಗೆ ಸುಳ್ಳು ಉತ್ತರ ಬರೆಯಲು ಕಲಿತವನು ನಾಳೆ ರೇಷನ್ನಿನ ಬಗ್ಗೆ, ಶಾಲೆ ಬಿಟ್ಟ ಮಕ್ಕಳ ಬಗ್ಗೆ ಸಮೀಕ್ಷೆ ಮಾಡುವವನು.

ಆದ್ದರಿಂದ ನಾವು ಕೇಳುವುದು ದೊಡ್ಡದೇನಲ್ಲ. ನೂರು ಬೇಡ, ಇಪ್ಪತ್ತು ಮಂದಿ ಸಾಕು. ನಿಜವಾಗಿ ಇರುವ ಇಪ್ಪತ್ತು. ಪ್ರಶ್ನೆ ಅವರ ಮನೆಮಾತಿನಲ್ಲಿರಲಿ, ಅವರ ಒಪ್ಪಿಗೆ ಪಡೆದು ಕೇಳಿ. ಅವರಲ್ಲಿ ಇಬ್ಬರನ್ನಾದರೂ ಅಧ್ಯಾಪಕರು ಮತ್ತೆ ಹೋಗಿ ಕಾಣಲಿ. ಮೌಖಿಕ ಪರೀಕ್ಷೆಯಲ್ಲಿ ಕನ್ನಡದಲ್ಲೋ ಉರ್ದುವಿನಲ್ಲೋ ಹೇಳಿದರೆ ಅಂಕ ಕಡಿಯದಿರಲಿ. ಕಂಡುಕೊಂಡದ್ದನ್ನು ಒಂದು ಪುಟದಲ್ಲಿ ಬರೆದು, ಉತ್ತರ ಕೊಟ್ಟ ಅಂಗಡಿಯವನಿಗೆ, ಹೊಲಿಗೆಯ ಖಾಲಾಗೆ ವಿದ್ಯಾರ್ಥಿ ಓದಿ ಹೇಳಲಿ. "ಇಲ್ಲ ಮಗಾ, ನಾನು ಹಾಗೆ ಹೇಳಲಿಲ್ಲ" ಎಂದು ಆಕೆ ತಿದ್ದಿದರೆ, ಆ ತಿದ್ದುಪಡಿಯೂ ವರದಿಯಲ್ಲಿ ಸೇರಲಿ.