ಹುಡುಗರ ಹ್ಯಾಂಡ್ಲಿಂಗ್, ನಮ್ಮ ಸೊಂಟ

ಹಳೇ ಪದ್ಮಿನಿ ಕಾರು ಇನ್ನೂ ಅಂಗಳದಾಗ ನಿಂತಿರೋ ಮನ್ಯಾಗ ಒಂದ ಜಗಳ ಇದ್ದದ್ದ. ಹುಡುಗರು, "ಸ್ಪ್ರಿಂಗ್ ಕೊಯ್ಸಿ ಗಾಡಿ ಕೆಳಗ ಮಾಡ್ಸೋಣು, ಅಗಲ ಟಾಯರ್ ಹಾಕ್ಸೋಣು" ಅಂತಾರ. ಹಿರಿಯರು, "ತೊಟ್ಟಿಲದಂಗ ತೂಗತೈತಿ, ಮಾರಿಬಿಡ್ರಿ" ಅಂತಾರ. ನನಗಂತೂ ಎರಡೂ ಮಾತು ಒಪ್ಪಿಗಿ ಇಲ್ರಿ.

ಮುಂಬಯಿ ಕುರ್ಲಾದಾಗ ಫಿಯಾಟ್ 1100 ಅಂತ ತಯಾರಾಗ್ತಿದ್ದ ಗಾಡೀನ 1974ರ ಸುಮಾರಿಗೆ ಪದ್ಮಿನಿ ಆತು. ಮುಂದ ಸುರುಳಿ ಸ್ಪ್ರಿಂಗ್, ಹಿಂದ ಪಾಟಾ. ಮೆತ್ತನ್ನ ಗಾಡಿ ಖರೆ, ಆದ್ರ ಹೊಸಾದಿದ್ದಾಗ ಹಿಂಗ ಅಡ್ಡಾಡಿ ಓಡತಿರಲಿಲ್ಲ. ಈಗ ಓಡೋದು ಯಾಕಂದ್ರ ರಬ್ಬರ್ ಬುಷ್ ಒಣಗಿ ಸೀಳ್ಯಾವು, ಕಿಂಗ್‌ಪಿನ್ನಿಗೆ ಗ್ರೀಸ್ ಕಂಡು ವರ್ಷಾಗೇತಿ, ಶಾಕ್ ಅಬ್ಸಾರ್ಬರಿಂದ ಎಣ್ಣಿ ಸೋರೇತಿ. ಬೀಸುಕಲ್ಲಿನ ಗೂಟ ಸಡ್ಲಾತಂತ ಕಲ್ಲs ಬದಲಿ ಮಾಡ್ತೀವೇನ್ರಿ?

ನೀವs ಮನ್ಯಾಗ ನೋಡಬಹುದು. ಗಾಡಿ ಒಂದೊಂದ ಮೂಲಿ ಜೋರ್ ಒತ್ತಿ ಕೈ ಬಿಡ್ರಿ. ಒಮ್ಮೆ ಎದ್ದು ಕುಂತ್ರ ಛಲೋ. ಎರಡ-ಮೂರ ಸಲ ಕುಣದ್ರ ಶಾಕ್ ಅಬ್ಸಾರ್ಬರ್ ಹೋಗೇತಿ. ಭಾರ ಹೊರೋದು ಸ್ಪ್ರಿಂಗ್, ಕುಣತ ನಿಲ್ಲಸೋದು ಇದು. ಅದು ಸತ್ತಿದ್ರ ಎಂಥಾ ಸ್ಪ್ರಿಂಗ್ ಹಾಕಿದ್ರೂ ಅಷ್ಟs.

ನಮ್ಮ ಗಾಡಿಗೆ ಒಬ್ಬ ಮಿಸ್ತ್ರಿ, ಯಾರೂ ಕೇಳದs, ಹಿಂದ ಒಂದ ಪಾಟಾ ಹೆಚ್ಚಿಗಿ ಹಾಕಿ ಕೊಟ್ಟಿದ್ದ. ಗಟ್ಟಿ ಆಗತೈತಿ ಅಂತ! ಖಾಲಿ ಗಾಡಿ ಆಡಿನ ಮರಿಯಂಗ ಜಿಗಿಯಾಕ ಹತ್ತು. ಗಾಲಿ ನೆಲ ಬಿಟ್ಟ್ರ ಹಿಡಿತ ಎಲ್ಲಿಂದ ಬರಬೇಕು? ಮಳ್ಯಾಗ ಉಣಕಲ್ ಕಡೆ ತಿರುವಿನಾಗ ಹಿಂದಿನ ಭಾಗ ಜಾರಿದ್ದು ನೆನಸಿದ್ರ ಈಗೂ ಕೈ ತಣ್ಣಗ ಆಗತಾವು. ಹಿಂದಿನ ಸೀಟು ಇರೋದು ಹಿಂದಿನ ಗಾಲಿ ಹತ್ರ, ಕೂಡವ್ರು ಅತ್ತಿ, ನಾನು, ಮಕ್ಕಳು. ವಿದ್ಯಾನಗರದ ಒಂದೊಂದ ಹಂಪಿಗೂ ಅತ್ತಿಯವರು "ಅಯ್ಯ ಶಿವನ" ಅಂತ ಸೊಂಟ ಹಿಡ್ಕೊಳ್ಳೋರು. ಕಡೀಗೆ ಗಾಡಿ ಹತ್ತೋದs ಬಿಟ್ಟಿದ್ರು. ಆ ಪಾಟಾ ತಗಸಿ, ನಾಕೂ ಕಡೆ ಬುಷ್, ಶಾಕ್ ಅಬ್ಸಾರ್ಬರ್ ಬದಲಿ ಮಾಡ್ಸಿದ ಮ್ಯಾಲೆ ಸಿದ್ಧಾರೂಢ ಮಠಕ್ಕ ತಾವs "ನಡೀರಿ" ಅಂದ್ರು.

ಸ್ಪ್ರಿಂಗ್ ಕೊಯ್ಯೋದು ಇನ್ನೂ ಕೆಟ್ಟದ್ದು. ಗಿಡ್ಡಾದ ಸ್ಪ್ರಿಂಗ್ ಬಿರಸ ಆಗತೈತಿ, ಹಂಪಿಗೆ ಗಾಡಿ ಹೊಟ್ಟಿ ತಿಕ್ಕತೈತಿ, ಗಾಲಿ ಕೆಳಗ ಜೋತಾಗ ಸ್ಪ್ರಿಂಗ್ ತನ್ನ ಜಾಗಾ ಬಿಡೋ ಅಂಜಿಕಿ ಬ್ಯಾರೆ.

ಹುಡುಗರ ಎಲ್ಲಾ ಮಾತು ಸುಳ್ಳಲ್ಲ. ಹಳೇ ನಾಯ್ಲಾನ್ ಟಾಯರ್ ತಗದು ರೇಡಿಯಲ್ ಹಾಕ್ಸೋದು ಛಲೋ, ರೋಡ್ ಹಿಡಿತ ಭಾಳ ಸುಧಾರಸತೈತಿ. ಆದ್ರ ನಾಕೂ ಕೂಡೇ ಬದಲಿ ಆಗಬೇಕು. ಎರಡ ಅದು, ಎರಡ ಇದು ಅಂತ ಬೆರಕಿ ಮಾಡಬ್ಯಾಡ್ರಿ. ಭಾಳ ಅಗಲದ್ದೂ ಬ್ಯಾಡ, ಪಾವರ್ ಸ್ಟೇರಿಂಗ್ ಇಲ್ಲದ ಗಾಡಿ, ಸಣ್ಣ ಓಣ್ಯಾಗ ತಿರಗಸೋದ್ರಾಗ ರೆಟ್ಟಿ ಬೀಳತಾವು.

ಗ್ಯಾರೇಜಿಗೆ ಬಿಟ್ಟ್ರ ಎರಡ ಮಾತು ಹೇಳಿ ಬರ್ರಿ. ಅಲೈನ್‌ಮೆಂಟ್ ಎಲ್ಲಾ ಮುಗದ ಮ್ಯಾಲೆ, ಮೊದಲ ಮಾಡ್ಸಿದ್ರ ರೊಕ್ಕ ನೀರಾಗ ಹಾಕಿಧಂಗ. ರಬ್ಬರ್ ಬುಷ್ಷಿನ ಬೋಲ್ಟ್ ಪೂರಾ ಬಿಗಿಯೋದು ಗಾಡಿ ನೆಲದ ಮ್ಯಾಲೆ ನಿಂತಾಗ. ಜ್ಯಾಕ್ ಮ್ಯಾಲೆ ಜೋತಾಗ ಬಿಗದ್ರ ರಬ್ಬರ್ ತಿರುಚಿಕೊಂಡs ಕೂಡತೈತಿ, ಲಗೂನ ಸೀಳತೈತಿ.