ಹೊರಸಂಚಾರದ ಯೋಜನೆ ಮಕ್ಕಳೇ ಹಾಕಲಿ

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಗಡಿಬಿಡಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲೂ ಇದೇ ಕಥೆ. ಮೈಸೂರು, ಬೇಲೂರು, ಜೋಗ ನೋಡಿ ಬರುವುದರಲ್ಲಿ ತಪ್ಪೇನಿಲ್ಲ; ಬಯಲುಸೀಮೆಯ ಮಗು ಒಮ್ಮೆಯಾದರೂ ತುಂಬಿ ಹರಿಯುವ ನದಿ ನೋಡಬೇಕು. ಆದರೆ ಇಡೀ ಪ್ರವಾಸದಲ್ಲಿ ವಿದ್ಯಾರ್ಥಿ ತಾನಾಗಿ ಏನು ಮಾಡಿದ ಎಂದು ಕೇಳಿದರೆ, ಬಸ್ ಹತ್ತಿದ, ಇಳಿದ ಎಂಬಷ್ಟೇ ಉತ್ತರ. ಎಲ್ಲಿಗೆ, ಯಾವಾಗ, ಏಕೆ ಎಂಬುದೆಲ್ಲ ಮೊದಲೇ ದೊಡ್ಡವರ ಮಟ್ಟದಲ್ಲಿ ತೀರ್ಮಾನವಾಗಿರುತ್ತದೆ. ಪರಿಸರದ ಹೆಸರಿನ ಭೇಟಿಗಳೂ ಇದಕ್ಕೆ ಹೊರತಲ್ಲ. ಅರಣ್ಯ ಇಲಾಖೆಯ ‘ಚಿಣ್ಣರ ವನ ದರ್ಶನ’ ಒಳ್ಳೆಯ ಕಾರ್ಯಕ್ರಮ, ಆದರೆ ಹೆಸರೇ ಹೇಳುವಂತೆ ಅಲ್ಲಿ ಆಗುವುದು ದರ್ಶನ. ಪರಿಸರ ಶಿಕ್ಷಣದ ಹೆಚ್ಚಿನ ಪಾಲು ಇರುವುದು ಹೊರಡುವ ಮುಂಚಿನ ಕೆಲಸದಲ್ಲಿ. ಪ್ರಶ್ನೆ ಆರಿಸುವುದು, ಜಾಗ ಗೊತ್ತುಮಾಡುವುದು, ಅನುಮತಿ ಕೇಳುವುದು, ಎಣಿಸುವ ಬಗೆ ನಿರ್ಧರಿಸುವುದು, ಇವನ್ನೆಲ್ಲ ವಿದ್ಯಾರ್ಥಿಗಳಿಗೆ ಕಲಿಸಿ ಅವರ ಕೈಗೇ ಬಿಡಬೇಕು.

ಇದಕ್ಕೆ ಈ ನಾಲ್ಕು ತಾಲ್ಲೂಕುಗಳಿಗಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆಯ ಹುಲ್ಲುಗಾವಲು 2007ರಿಂದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಗಿದೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಮರ ಮರಗಳ ಕುರುಚಲು ಕಾಡು 2019ರಲ್ಲಿ ಚಿಂಕಾರಗಳಿಗಾಗಿ ವನ್ಯಜೀವಿಧಾಮವಾಯಿತು. ಕೊರಟಗೆರೆಯ ಸಿದ್ಧರಬೆಟ್ಟ ಗಿಡಮೂಲಿಕೆಗೆ ಹೆಸರಾದದ್ದು. ಪರಿಸರವೆಂದರೆ ಮಲೆನಾಡು, ದಟ್ಟ ಹಸಿರು, ಆನೆ, ಹುಲಿ ಎಂದು ಪಾಠದ ಚಿತ್ರಗಳಿಂದಲೇ ನಂಬಿಕೊಂಡ ಮಕ್ಕಳಿಗೆ ತಮ್ಮೂರಿನ ಕಾವಲು, ಗೋಮಾಳ, ಬರಡು ಗುಡ್ಡಗಳು ಬಂಜರಾಗಿಯೇ ಕಾಣುತ್ತವೆ. ಸರ್ಕಾರಿ ಕಡತವೂ ಬಹುಕಾಲ ಹಾಗೆಯೇ ಕಂಡಿತು. ಕೃಷ್ಣಮೃಗಕ್ಕೆ ಬೇಕಾದ ಬಯಲಿನಲ್ಲಿ ನೀಲಗಿರಿ ಮರ ನೆಟ್ಟದ್ದು ಆ ದೃಷ್ಟಿಯಿಂದಲೇ. ಮರ ನೆಟ್ಟರೆ ಪರಿಸರ ಉಳಿಯಿತೆಂಬ ಮಾತು ಹುಲ್ಲುಗಾವಲಿಗೆ ಬಂದಾಗ ಏಕೆ ತಲೆಕೆಳಗಾಗುತ್ತದೆ ಎಂಬುದನ್ನು ಮೈದನಹಳ್ಳಿಯಲ್ಲಿ ನಿಂತು ನೋಡಿದವರಿಗೆ ಉದ್ದದ ಭಾಷಣ ಬೇಕಿಲ್ಲ.

ಯೋಜನೆ ಹಾಕುವುದೆಂದರೆ ಏನೆಂಬುದಕ್ಕೆ ಶಿರಾ ತಾಲ್ಲೂಕಿನ ಕಗ್ಗಲಡು ಒಂದು ಉದಾಹರಣೆ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟುವ ಹಳ್ಳಿ ಇದು. ‘ಪಕ್ಷಿಧಾಮ ನೋಡಿ ಬರೋಣ’ ಎಂದರೆ ಅರ್ಧ ಗಂಟೆಯ ಕೆಲಸ. ‘ಈ ವರ್ಷ ಯಾವ ಮರದಲ್ಲಿ ಎಷ್ಟು ಗೂಡು, ಮರಿಗಳಿಗೆ ಮೀನು ಯಾವ ಕೆರೆಯಿಂದ?’ ಎಂದು ಕೇಳಿಕೊಂಡರೆ ಅದೇ ಭೇಟಿ ತಿಂಗಳುಗಳ ಕೆಲಸವಾಗುತ್ತದೆ. ಊರಿನ ನಕ್ಷೆ ಬರೆದು ಮರಗಳಿಗೆ ಸಂಖ್ಯೆ ಕೊಡಬೇಕು. ಮರದ ಬುಡಕ್ಕೆ ಹೋಗದೆ, ರಸ್ತೆಯಲ್ಲಿ ಒಂದೇ ಜಾಗದಲ್ಲಿ ನಿಂತು ಪ್ರತಿ ಸಲ ಎಣಿಸಬೇಕು. ಜಾಗ ಬದಲಾದರೆ ಲೆಕ್ಕ ಹೋಲಿಸಲಾಗದು. ಇಬ್ಬರು ಬೇರೆ ಬೇರೆ ಎಣಿಸಿ ತಾಳೆ ನೋಡಬೇಕು. ರೆಕ್ಕೆಯ ಹಿಂಬದಿಯಲ್ಲಿ ಗುಲಾಬಿ ಬಣ್ಣ ಇರುವುದು ಬೆಳೆದ ಕೊಕ್ಕರೆ, ಮಾಸಲು ಬಣ್ಣದ್ದು ಮರಿ ಎಂಬ ಗುರುತನ್ನು ಮೊದಲೇ ತಿಳಿದಿರಬೇಕು. ಸುತ್ತಲಿನ ಯಾವ ಕೆರೆಯಲ್ಲಿ ನೀರಿದೆ, ಯಾವುದು ಒಣಗಿದೆ ಎಂದು ಪಟ್ಟಿ ಮಾಡಬೇಕು. ಇನ್ನು ಹುಣಸೆ ಬಡಿಯುವ ಕಾಲವೂ ಹಕ್ಕಿ ಗೂಡು ಕಟ್ಟುವ ಕಾಲವೂ ಒಂದರ ಮೇಲೊಂದು ಬರುತ್ತವೆ. ಮರದ ಒಡೆಯರು ಹೇಗೆ ಸುಧಾರಿಸಿಕೊಳ್ಳುತ್ತಾರೆಂದು ಅವರ ಜಗಲಿಯಲ್ಲೇ ಕೂತು ಕೇಳಿಕೊಂಡರೆ, ಸಂರಕ್ಷಣೆಯ ವೆಚ್ಚ ಯಾರ ಜೇಬಿನಿಂದ ಹೋಗುತ್ತದೆ ಎಂಬ ಅರ್ಥಶಾಸ್ತ್ರದ ಪಾಠವೂ ಆಗುತ್ತದೆ.

ಇದು ಪಠ್ಯದ ಹೊರಗಿನ ಹವ್ಯಾಸವಲ್ಲ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಲು ಹೇಳಿತು. ರಾಷ್ಟ್ರೀಯ ಶಿಕ್ಷಣ ನೀತಿ 2020, ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನಗಳ ಬ್ಯಾಗ್‌ರಹಿತ ಕಲಿಕೆಯ ಮಾತಾಡುತ್ತದೆ. ಕಾಗದದಲ್ಲಿ ಜಾಗ ಇದ್ದೇ ಇದೆ. ಕೊರತೆ ಇರುವುದು ತರಬೇತಿಯಲ್ಲಿ, ಅದೂ ಮೊದಲು ಶಿಕ್ಷಕರಿಗೆ. ತನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಮಕ್ಕಳ ಮುಂದಿಡಲು ಧೈರ್ಯ ಬೇಕು. ನಮ್ಮ ತರಬೇತಿ ಶಿಬಿರಗಳು ಆ ಧೈರ್ಯ ಕೊಡುವುದು ಕಡಿಮೆ. ವಿದ್ಯಾರ್ಥಿಗಳ ದಾಖಲೆಗೆ ಬೆಲೆ ಇದೆಯೇ ಎಂದು ಕೇಳುವವರು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಪ್ರಯತ್ನ ನೆನೆಯಬೇಕು. 1990ರ ದಶಕದಲ್ಲಿ ಕಾಲೇಜು ಅಧ್ಯಾಪಕರು, ವಿದ್ಯಾರ್ಥಿಗಳು, ಹಳ್ಳಿಗರನ್ನು ಕಟ್ಟಿಕೊಂಡು ಅವರು ಬೆಳೆಸಿದ ಜನತಾ ಜೀವವೈವಿಧ್ಯ ದಾಖಲಾತಿಯ ಕೆಲಸ, 2002ರ ಜೀವವೈವಿಧ್ಯ ಕಾಯ್ದೆ ಬಂದ ಮೇಲೆ ಸ್ಥಳೀಯ ಸಂಸ್ಥೆಗಳ ಹೊಣೆಯಾಯಿತು. ಶಾಲೆಯ ಎಣಿಕೆ ಪುಸ್ತಕ ತಲುಪಬೇಕಾದ ವಿಳಾಸ ದೂರದ್ದಲ್ಲ, ಗ್ರಾಮ ಪಂಚಾಯಿತಿಯೇ.

ಆಕ್ಷೇಪಗಳಲ್ಲಿ ಮೊದಲನೆಯದು ಸುರಕ್ಷತೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಮೃತಪಟ್ಟ ಮೇಲೆ ಪೋಷಕರ ಭಯವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆ ಭಯ ನ್ಯಾಯವಾದದ್ದೇ. ಆದರೆ ಅದು ಹೇಳುವುದು ಗುರುತಿಲ್ಲದ ಊರಿಗೆ ದೊಡ್ಡ ಗುಂಪು ಹೋಗುವುದರ ಅಪಾಯವನ್ನು. ತಾಲ್ಲೂಕಿನೊಳಗೆ, ಸಣ್ಣ ತಂಡದಲ್ಲಿ, ಕೃಷಿಹೊಂಡ ಎಲ್ಲಿದೆ, ಹೆಜ್ಜೇನು ಯಾವ ಬಂಡೆಯಲ್ಲಿದೆ, ಹತ್ತಿರದ ಆಸ್ಪತ್ರೆ ಯಾವುದು ಎಂದು ತಾವೇ ಪಟ್ಟಿ ಮಾಡಿದ ಮಕ್ಕಳು ಹೆಚ್ಚು ಎಚ್ಚರದಿಂದಿರುತ್ತಾರೆ. ಇದರಿಂದ ಶಿಕ್ಷಕರ ಹೊಣೆ ಕಡಿಮೆಯಾಗುವುದಿಲ್ಲ, ಎಂದಿಗೂ ಆಗಬಾರದು. ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡದಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂಬುದು ಇನ್ನೊಂದು ಮಾತು. ಹತ್ತನೇ ತರಗತಿಯ ಸಂಖ್ಯಾಶಾಸ್ತ್ರ ಅಧ್ಯಾಯದ ಸರಾಸರಿ, ಮಧ್ಯಾಂಕಗಳಿಗೆ ಗೂಡಿನ ಲೆಕ್ಕಕ್ಕಿಂತ ಒಳ್ಳೆಯ ದತ್ತಾಂಶ ಬೇಕೆ? ನಿಜಕ್ಕೂ ತೂಕದ ಆಕ್ಷೇಪ ಮೂರನೆಯದು: ಮಕ್ಕಳ ದಂಡು ನುಗ್ಗಿದರೆ ಹಕ್ಕಿಗೂ ಜಿಂಕೆಗೂ ಆಗುವ ಕಿರುಕುಳ. ಇದನ್ನು ಒಪ್ಪಲೇಬೇಕು. ವನ್ಯಜೀವಿಧಾಮದೊಳಗೆ ಹೋಗುವ ಬದಲು ಅಂಚಿನ ಹೊಲಗಳಲ್ಲೇ ಕೆಲಸ ಮುಗಿಸೋಣ, ಮರಿ ಒಡೆಯುವ ವಾರ ಹೋಗುವುದೇ ಬೇಡ ಎಂಬ ತೀರ್ಮಾನಕ್ಕೆ ವಿದ್ಯಾರ್ಥಿಗಳೇ ಬಂದರೆ, ಆ ಯೋಜನೆ ಗೆದ್ದಂತೆ.

ಪಾವಗಡದ್ದು ಬೇರೆಯದೇ ಪರೀಕ್ಷೆ. ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಎದ್ದಿದೆ. ಮಾರದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ರೈತರು ಕೊಟ್ಟ ಜಮೀನು ಅದು. ಬರದ ತಾಲ್ಲೂಕಿಗೆ ಖಚಿತ ಆದಾಯ ಬಂತು, ಕಲ್ಲಿದ್ದಲು ಸುಡದ ವಿದ್ಯುತ್ ಬಂತು. ಕುರಿ ಮೇಯಿಸುವವರ ಬಯಲು, ಜಮೀನಿಲ್ಲದ ಕೂಲಿಯವರ ಕೆಲಸ ಏನಾದವು? ಸರಿ, ತಪ್ಪು ಎಂಬ ಸಿದ್ಧ ಉತ್ತರ ಇಲ್ಲಿ ಯಾರ ಬಳಿಯೂ ಇಲ್ಲ. ಕುರಿಗಾಹಿ, ಗುತ್ತಿಗೆ ಕೊಟ್ಟ ರೈತ, ಪ್ಯಾನೆಲ್ ತೊಳೆಯುವ ಕಾರ್ಮಿಕ, ಈ ಮೂವರಿಗೂ ಕೇಳುವ ಪ್ರಶ್ನೆಗಳನ್ನು ವಿದ್ಯಾರ್ಥಿಗಳು ಸಿದ್ಧಮಾಡುವಾಗಲೇ ವಿಷಯದ ಜಟಿಲತೆ ಅವರಿಗೆ ತಟ್ಟುತ್ತದೆ.

ಕೊನೆಗೆ ಎಲ್ಲವೂ ನಿಂತಿರುವುದು ವೇಳಾಪಟ್ಟಿಯ ಮೇಲೆ. ಕೊಕ್ಕರೆಗಳು ಜನವರಿ, ಫೆಬ್ರುವರಿಯ ಹೊತ್ತಿಗೆ ಬರುತ್ತವೆ, ಮಾರ್ಚ್‌ನಲ್ಲಿ ಪರೀಕ್ಷೆ. ಆದ್ದರಿಂದ ಒಂಬತ್ತನೇ ತರಗತಿಯ ತಂಡ ಜೂನ್‌ನಲ್ಲೇ ಪ್ರಶ್ನೆ ಆರಿಸಿ, ಮಳೆಗಾಲದಲ್ಲಿ ಕೆರೆಗಳ ಪಟ್ಟಿ ಮುಗಿಸಿ, ಶಾಲೆಯ ಅಂಗಳದ ಮರದಲ್ಲೇ ಎಣಿಕೆ ಅಭ್ಯಾಸ ಮಾಡಿ, ನವೆಂಬರ್ ಒಳಗೆ ಅರಣ್ಯ ಇಲಾಖೆಗೂ ಪಂಚಾಯಿತಿಗೂ ತನ್ನದೇ ಕೈಬರಹದ ಅರ್ಜಿ ಕೊಡಬೇಕು. ಡಿಸೆಂಬರ್‌ನಲ್ಲಿ ಬಸ್ ಗೊತ್ತುಮಾಡಿ ಹೊರಟರೆ ಗೂಡು ಕಟ್ಟುವ ಹಂಗಾಮು ಇನ್ನೂ ಶುರುವಾಗಿರುವುದಿಲ್ಲ.