ರಸ್ತೆಗೆ ನ್ಯಾಯಮಂಡಳಿ, ಆಸ್ಪತ್ರೆಗೆ ರಾಜಿ ಪಂಚಾಯಿತಿ

ವಿಜಯಪುರದಿಂದ ಚಿತ್ರದುರ್ಗದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 50 ಬಾಗಲಕೋಟೆ ಜಿಲ್ಲೆಯ ಹುನಗುಂದ ಮತ್ತು ಇಳಕಲ್ ಪಟ್ಟಣಗಳ ಮೇಲೆ ಹಾದುಹೋಗುತ್ತದೆ. ಈ ದಾರಿಯಲ್ಲಿ ಲಾರಿ ಹಾಯ್ದು ನೇಕಾರನೊಬ್ಬ ಮೃತಪಟ್ಟರೆ ಮನೆಯವರು ಮುಂದೇನು ಮಾಡಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಠಾಣೆಯಲ್ಲಿ ದೂರು, ಮರಣೋತ್ತರ ಪರೀಕ್ಷೆಯ ವರದಿ, ಲಾರಿಯ ವಿಮೆಯ ಪ್ರತಿ, ನಂತರ ವಕೀಲರ ಕಚೇರಿ. ಅದೇ ನೇಕಾರ ಸಣ್ಣದೊಂದು ಶಸ್ತ್ರಚಿಕಿತ್ಸೆಗೆ ಖಾಸಗಿ ಆಸ್ಪತ್ರೆ ಸೇರಿ ಜೀವಂತ ಮರಳದಿದ್ದರೆ ನಡೆಯುವುದೇ ಬೇರೆ. ಆಸ್ಪತ್ರೆಯ ಮುಂದೆ ಜನ ಸೇರುತ್ತಾರೆ, ಗಾಜು ಒಡೆಯುತ್ತದೆ, ಪೊಲೀಸರು ಬರುತ್ತಾರೆ. ಊರಿನ ನಾಲ್ಕು ಜನ ಹಿರಿಯರು ಒಳಗೆ ಕುಳಿತು ಒಂದು ಮೊತ್ತ ಗೊತ್ತು ಮಾಡುತ್ತಾರೆ. ಸಂಜೆಯೊಳಗೆ ಶವಸಂಸ್ಕಾರ ಮುಗಿಯುತ್ತದೆ, ಪ್ರಕರಣವೂ ಅಲ್ಲಿಗೇ ಮುಗಿಯುತ್ತದೆ.

ಈ ವ್ಯತ್ಯಾಸಕ್ಕೆ ಜನರ ಅನಕ್ಷರತೆ, ವೈದ್ಯರ ಮೇಲಿನ ಭಯಭಕ್ತಿ ಮುಂತಾದ ಕಾರಣಗಳನ್ನು ಕೊಡುವುದು ವಾಡಿಕೆ. ಆದರೆ ಅದೇ ಅನಕ್ಷರಸ್ಥ ಕುಟುಂಬಗಳು ಅಪಘಾತ ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆದು, ವಿಮಾ ಕಂಪನಿ ಮೇಲ್ಮನವಿ ಹೋದರೆ ಧಾರವಾಡದ ಹೈಕೋರ್ಟ್ ಪೀಠದವರೆಗೂ ಹೋಗುವುದನ್ನು ಈ ವಿವರಣೆ ಅರ್ಥಮಾಡಿಸುವುದಿಲ್ಲ. 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬರುವ ಮೊದಲು ಇಂಥ ಮೇಲ್ಮನವಿಗೆ ನಾನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿಗೇ ಹೋಗಬೇಕಿತ್ತು. ಆಗಲೂ ಜನ ಹೋಗುತ್ತಿದ್ದರು. ಆದ್ದರಿಂದ ಕಾರಣವನ್ನು ಜನರ ಸ್ವಭಾವದಲ್ಲಿ ಹುಡುಕುವುದಕ್ಕಿಂತ ಕಾನೂನಿನ ರಚನೆಯಲ್ಲಿ ಹುಡುಕುವುದು ಒಳಿತು.

1988ರ ಮೋಟಾರು ವಾಹನ ಕಾಯ್ದೆ ಸಂತ್ರಸ್ತನಿಗೆ ಮೂರು ಅನುಕೂಲಗಳನ್ನು ಒಟ್ಟಿಗೇ ಒದಗಿಸಿದೆ. ಪ್ರತಿ ವಾಹನಕ್ಕೂ ಮೂರನೇ ವ್ಯಕ್ತಿ ವಿಮೆ ಕಡ್ಡಾಯವಾಗಿರುವುದರಿಂದ ಹಣ ಕೊಡುವವರು ಯಾರೆಂಬುದು ಮೊದಲೇ ತಿಳಿದಿರುತ್ತದೆ. ಅರ್ಜಿಯನ್ನು ಅಪಘಾತ ನಡೆದ ಊರಿನಲ್ಲಷ್ಟೇ ಅಲ್ಲದೆ ಅರ್ಜಿದಾರ ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೂ ಸಲ್ಲಿಸಬಹುದು. ಹುನಗುಂದ, ಬಾದಾಮಿಯ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯಗಳೇ ಈ ನ್ಯಾಯಮಂಡಳಿಯ ಕೆಲಸವನ್ನೂ ಮಾಡುತ್ತವೆ. ಮೂರನೆಯದು, ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ಲೆಕ್ಕ. 2009ರ ಸರಳಾ ವರ್ಮಾ ಪ್ರಕರಣ ಹಾಗೂ 2017ರ ಪ್ರಣಯ್ ಸೇಠಿ ಪ್ರಕರಣದ ತೀರ್ಪುಗಳಲ್ಲಿ ಸುಪ್ರೀಂ ಕೋರ್ಟು ಪರಿಹಾರದ ಲೆಕ್ಕವನ್ನು ಬಹುಮಟ್ಟಿಗೆ ಸೂತ್ರಕ್ಕೆ ಇಳಿಸಿತು.

ಒಂದು ಉದಾಹರಣೆ ನೋಡಬಹುದು. 32 ವರ್ಷದ ನೇಕಾರ, ತಿಂಗಳಿಗೆ 12,000 ರೂಪಾಯಿ ಆದಾಯ, ಹೆಂಡತಿ, ಇಬ್ಬರು ಮಕ್ಕಳು, ತಾಯಿ ಎಂದಿಟ್ಟುಕೊಂಡರೆ, ಭವಿಷ್ಯದ ಗಳಿಕೆಗೆಂದು ಶೇ 40 ಸೇರಿಸಿದಾಗ ಆದಾಯ 16,800 ಆಗುತ್ತದೆ. ಆತನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 12,600. ವರ್ಷಕ್ಕೆ 1,51,200, ಈ ವಯಸ್ಸಿಗೆ ನಿಗದಿಯಾದ ಗುಣಕ 16ರಿಂದ ಗುಣಿಸಿದರೆ 24,19,200 ರೂಪಾಯಿ. ಅಂತ್ಯಕ್ರಿಯೆ ವೆಚ್ಚ ಮುಂತಾದವು ಇದರ ಮೇಲೆ. ಪರಿಹಾರ ಎಷ್ಟು ಬರಬಹುದೆಂದು ವಕೀಲರು ಮೊದಲ ದಿನವೇ ಹೇಳಬಲ್ಲರು. ವಿಮಾ ಕಂಪನಿಗೂ ಅದು ಗೊತ್ತು. ಲೋಕ ಅದಾಲತ್‌ಗಳಲ್ಲಿ ಈ ಪ್ರಕರಣಗಳು ಸುಲಭವಾಗಿ ಇತ್ಯರ್ಥವಾಗುವುದಕ್ಕೆ ಇದೇ ಮೂಲ.

ಇನ್ನು ಜಗಳ ಉಳಿಯುವುದು ಆದಾಯದ ಬಗ್ಗೆ. ಇಳಕಲ್ ಸೀರೆ ನೇಯುವವನ ಬಳಿ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಇಂಥ ಕಡೆ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ವರ್ಷವಾರು ಸಿದ್ಧಪಡಿಸಿದ ಕಾಲ್ಪನಿಕ ಆದಾಯದ ಪಟ್ಟಿ ನೆರವಿಗೆ ಬರುತ್ತದೆ. ಲೋಕ ಅದಾಲತ್ ರಾಜಿಗೆಂದು ಮಾಡಿದ ಈ ಪಟ್ಟಿಯನ್ನು ಹೈಕೋರ್ಟು ತನ್ನ ತೀರ್ಪುಗಳಲ್ಲೂ ಅನುಸರಿಸುತ್ತ ಬಂದಿದೆ. ಪಟ್ಟಿಯ ಅಂಕಿ ಬಿಟ್ಟು ನ್ಯಾಯಮಂಡಳಿ 8,000 ರೂಪಾಯಿಯನ್ನೇ ಹಿಡಿದರೆ ಮೇಲಿನ ಕುಟುಂಬಕ್ಕೆ ಸಿಗುವುದು 16,12,800. ಎಂಟು ಲಕ್ಷ ರೂಪಾಯಿಯ ಈ ಅಂತರವೇ ಮೇಲ್ಮನವಿಗೆ ಸಾಕಾದಷ್ಟು ಕಾರಣ.

ಗಾಯಾಳುವಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ವೈದ್ಯರು ಅಂಗವೈಕಲ್ಯವನ್ನು ಶೇಕಡಾವಾರು ಬರೆದುಕೊಡುತ್ತಾರೆ. ಆದರೆ 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನೋಡಬೇಕಾದದ್ದು ದೇಹದ ಊನಕ್ಕಿಂತ ಹೆಚ್ಚಾಗಿ ಗಳಿಕೆಯ ಮೇಲೆ ಅದರ ಪರಿಣಾಮ ಎಂದಿತು. ಎಡಗೈ ಕಳೆದುಕೊಂಡ ಗುಮಾಸ್ತ ಕೆಲಸದಲ್ಲಿ ಮುಂದುವರಿಯಬಹುದು, ಚಾಲಕ ಅಥವಾ ಬಡಗಿ ಮುಂದುವರಿಯಲಾರ ಎಂಬುದು ತೀರ್ಪಿನಲ್ಲೇ ಇರುವ ದೃಷ್ಟಾಂತ. ಕುಣಿಮಗ್ಗದ ತಗ್ಗಿನಲ್ಲಿ ಕಾಲಿಳಿಸಿ ತುಳಿಯುತ್ತ ನೇಯುವವನಿಗೆ ಒಂದು ಕಾಲು ಹೋದರೆ ಮಗ್ಗವೇ ಹೋದಂತೆ. ಈ ಮಾತನ್ನು ಸಾಕ್ಷ್ಯದಲ್ಲಿ ಸ್ಪಷ್ಟವಾಗಿ ಹೇಳಿಸುವ ವಕೀಲ ಸಿಕ್ಕಿದರೆ ಪರಿಹಾರ ಎರಡು ಪಟ್ಟಾದರೂ ಆಶ್ಚರ್ಯವಿಲ್ಲ. ಹೇಳಿಸದಿದ್ದರೆ ವೈದ್ಯರು ಬರೆದ ಶೇಕಡಾವಾರೇ ಗಟ್ಟಿ.

ಹಾಗೆಂದು ರಸ್ತೆಯ ಕಾನೂನು ಎಲ್ಲರನ್ನೂ ಕಾಯುತ್ತದೆ ಎನ್ನುವಂತಿಲ್ಲ. ಬಾದಾಮಿಯ ಬನಶಂಕರಿ ಜಾತ್ರೆಗೆ, ಕೂಡಲಸಂಗಮಕ್ಕೆ, ಹೊಲದ ಕೂಲಿಗೆ ಜನ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ತುಂಬಿಕೊಂಡು ಹೋಗುವುದು ಈ ಭಾಗದಲ್ಲಿ ಹೊಸದಲ್ಲ. ಸರಕು ಸಾಗಣೆಯ ವಾಹನದಲ್ಲಿ ಪುಕ್ಕಟೆಯಾಗಿ ಪ್ರಯಾಣಿಸುವವರಿಗೆ ಕಡ್ಡಾಯ ವಿಮೆಯ ರಕ್ಷಣೆ ಇಲ್ಲವೆಂದು ಆಶಾ ರಾಣಿ ಪ್ರಕರಣದಲ್ಲಿ 2002ರ ಡಿಸೆಂಬರ್‌ನಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಟ್ರೇಲರಿಗೆ ಪ್ರತ್ಯೇಕ ವಿಮೆ ಇಲ್ಲ, ಕೃಷಿಗೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರನ್ನು ಬೇರೆಯದಕ್ಕೆ ಬಳಸಲಾಗಿದೆ ಎಂಬ ತಕರಾರುಗಳೂ ಜೊತೆಗೆ ಬರುತ್ತವೆ. ಆಗ ಹೊಣೆ ಟ್ರ್ಯಾಕ್ಟರ್ ಮಾಲೀಕನ ಮೇಲೆ ಬೀಳುತ್ತದೆ. ಸಾಲದ ಕಂತು ಕಟ್ಟುತ್ತಿರುವ ರೈತನಿಂದ ಹತ್ತಿಪ್ಪತ್ತು ಲಕ್ಷ ವಸೂಲು ಮಾಡುವ ಆದೇಶ ಕಾಗದದಲ್ಲಿ ಉಳಿಯುವುದೇ ಹೆಚ್ಚು.

ಕಾಲಮಿತಿಯದು ಇನ್ನೊಂದು ತೊಡಕು. 2019ರ ತಿದ್ದುಪಡಿಯ ಮೂಲಕ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಂತೆ, ಅಪಘಾತ ನಡೆದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮ ಬಂದಿತು. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವಾಯಿತು. ಆರು ತಿಂಗಳು ಹಾಸಿಗೆಯಲ್ಲೇ ಕಳೆಯುವ ಗಾಯಾಳುವಿನ ಸ್ಥಿತಿಯನ್ನು ಶಾಸನ ರೂಪಿಸಿದವರು ಹೇಗೆ ಮರೆತರೋ ತಿಳಿಯದು.

ಹೆದ್ದಾರಿ ಬಿಟ್ಟು ಗ್ರಾನೈಟ್ ಕ್ವಾರಿಯ ಕಡೆ ತಿರುಗಿದರೆ ನೋಟ ಬದಲಾಗುತ್ತದೆ. ಇಳಕಲ್‌ನ ಕೆಂಪು ಕಲ್ಲು ದೇಶವಿದೇಶಗಳಿಗೆ ಹೋಗುತ್ತದೆ. ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ವೃತ್ತಿಸಂಬಂಧಿ ರೋಗಗಳ ಪಟ್ಟಿಯಲ್ಲಿದೆ. ಕೆಲಸದಿಂದ ಬಂದ ಅಂಥ ರೋಗವನ್ನು ಕಾನೂನು ಅಪಘಾತಕ್ಕೆ ಸಮನಾಗಿ ಕಾಣುತ್ತದೆ. 1923ರ ಪರಿಹಾರ ಕಾಯ್ದೆಯಲ್ಲಿದ್ದ ಈ ರಕ್ಷಣೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿದೆ. ಇಲ್ಲಿಯೂ ಸೂತ್ರವಿದೆ. ಮಾಲೀಕನ ತಪ್ಪನ್ನು ತೋರಿಸಬೇಕಾಗಿಯೂ ಇಲ್ಲ. ತೋರಿಸಬೇಕಾದದ್ದು, ತಾನು ಅವನ ಕೆಲಸಗಾರನಾಗಿದ್ದೆ ಎಂಬುದನ್ನು. ಗುತ್ತಿಗೆದಾರನ ಕೈಕೆಳಗೆ ದುಡಿದು ವಾರದ ಬಟವಾಡೆಯನ್ನು ಕೈಯಲ್ಲೇ ಪಡೆದವನಿಗೆ ಕಷ್ಟವಾಗುವುದು ಅದೊಂದೇ. ಕೆಮ್ಮು ಶುರುವಾಗುವ ಹೊತ್ತಿಗೆ ಆತ ಮೂರು ಕ್ವಾರಿ ಬದಲಿಸಿರುತ್ತಾನೆ.

ಆಸ್ಪತ್ರೆಯ ಬಾಗಿಲಿಗೆ ಬಂದರೆ ಈ ಅನುಕೂಲಗಳೆಲ್ಲ ಒಂದೊಂದಾಗಿ ಕಳಚಿಕೊಳ್ಳುತ್ತವೆ. 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದ ತೀರ್ಪು ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾನೂನಿನ ವ್ಯಾಪ್ತಿಗೆ ತಂದಿತು. 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಆರೋಗ್ಯ ಸೇವೆ’ ಎಂಬ ಪದ ಇಲ್ಲದಿದ್ದರೂ ವೈದ್ಯರು ಹೊಣೆಯಿಂದ ಹೊರಗಿಲ್ಲವೆಂಬುದು 2022ರಲ್ಲಿ ಸುಪ್ರೀಂ ಕೋರ್ಟಿನಲ್ಲೇ ಖಚಿತವಾಯಿತು. (ವಕೀಲರು ಮಾತ್ರ ಈ ಕಾಯ್ದೆಯ ಹೊರಗಿದ್ದಾರೆಂದು 2024ರಲ್ಲಿ ಅದೇ ನ್ಯಾಯಾಲಯ ಹೇಳಿದ್ದನ್ನು ವೈದ್ಯರು ಇನ್ನೂ ಮರೆತಿಲ್ಲ.) ಬಾಗಲಕೋಟೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಮೊತ್ತ ಐದು ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಬಾಗಿಲು ತೆರೆದೇ ಇದೆ.

ಒಳಗೆ ಹೋದ ಮೇಲೆ ರುಜುವಾತಿನ ಭಾರ. ಲಾರಿ ಅಪಘಾತದಲ್ಲಿ ಪೊಲೀಸರ ದೋಷಾರೋಪಣ ಪಟ್ಟಿಯೇ ಅರ್ಜಿದಾರನ ಪರವಾಗಿ ಅರ್ಧ ಸಾಕ್ಷ್ಯ. ವೈದ್ಯಕೀಯ ಪ್ರಕರಣದಲ್ಲಿ ಆ ನೆರವಿಲ್ಲ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ಅಪರಾಧ ಹೊರಿಸಬೇಕಾದರೆ ನಿರ್ಲಕ್ಷ್ಯ ಘೋರ ಸ್ವರೂಪದ್ದಾಗಿರಬೇಕು. ತನಿಖಾಧಿಕಾರಿ ಮೊದಲು ಸರ್ಕಾರಿ ಸೇವೆಯಲ್ಲಿರುವ ವೈದ್ಯರಂಥ ನಿಷ್ಪಕ್ಷಪಾತ ತಜ್ಞರ ಅಭಿಪ್ರಾಯ ಪಡೆಯಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಶಿಕ್ಷೆ ಹೇಳಿದರೂ, ಚಿಕಿತ್ಸೆ ನೀಡುವಾಗ ನೋಂದಾಯಿತ ವೈದ್ಯರಿಂದ ಅದು ನಡೆದರೆ ಮಿತಿ ಎರಡು ವರ್ಷ. ಪರಿಹಾರದ ದೂರಿಗೆ ಇಷ್ಟು ಕಠಿಣ ಅಳತೆ ಇಲ್ಲ. ಪ್ರತಿ ಪ್ರಕರಣಕ್ಕೂ ತಜ್ಞ ಸಾಕ್ಷಿ ಬೇಕಾಗಿಲ್ಲವೆಂದು 2010ರ ವಿ. ಕಿಶನ್ ರಾವ್ ತೀರ್ಪು ಹೇಳಿದೆ. ಹೊಟ್ಟೆಯಲ್ಲಿ ಬಟ್ಟೆ ಬಿಟ್ಟು ಹೊಲಿದದ್ದಕ್ಕೆ ತಜ್ಞನೇಕೆ? ಆದರೆ ಅರಿವಳಿಕೆಯ ಪ್ರಮಾಣ, ರಕ್ತಸ್ರಾವ ಗುರುತಿಸಲು ಆದ ತಡ, ಬೇರೆ ಊರಿಗೆ ಕಳಿಸಲು ಆದ ವಿಳಂಬ ಇವುಗಳ ಬಗ್ಗೆ ಇನ್ನೊಬ್ಬ ವೈದ್ಯರೇ ಹೇಳಬೇಕು. ಜಿಲ್ಲೆಯಲ್ಲಿ ಒಬ್ಬರನ್ನೊಬ್ಬರು ಬಲ್ಲ ಕೆಲವೇ ತಜ್ಞರಿರುವಾಗ ಸಹೋದ್ಯೋಗಿಯ ವಿರುದ್ಧ ಬರೆದುಕೊಡುವವರು ಸಿಗುವುದು ಅಪರೂಪ.

ದಾಖಲೆಗಳ ಕಥೆಯೂ ಇದೇ. ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ ರೋಗಿ ಅಥವಾ ಅಧಿಕೃತ ಸಂಬಂಧಿ ಕೇಳಿದ 72 ಗಂಟೆಯೊಳಗೆ ದಾಖಲೆಗಳನ್ನು ಕೊಡಬೇಕು. ಲಿಖಿತವಾಗಿ ಕೇಳುವವರು ಎಷ್ಟು ಜನ? ಡಿಸ್ಚಾರ್ಜ್ ಕಾಗದವೊಂದನ್ನೇ ಹಿಡಿದು ವಕೀಲರ ಬಳಿ ಬರುವವರೇ ಹೆಚ್ಚು. ಕೇಸ್ ಶೀಟ್ ಆಸ್ಪತ್ರೆಯಲ್ಲೇ ಉಳಿದಿರುತ್ತದೆ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ, ಕೆಳಗೆ ಹೆಬ್ಬೆಟ್ಟು. ತಿಳಿದು ಕೊಟ್ಟ ಒಪ್ಪಿಗೆಯೇ ಒಪ್ಪಿಗೆ ಎಂದು 2008ರ ಸಮೀರಾ ಕೊಹ್ಲಿ ತೀರ್ಪು ಸಾರಿದ್ದರೂ ಆ ಹೆಬ್ಬೆಟ್ಟನ್ನು ಯಾರೂ ಪ್ರಶ್ನಿಸುವುದಿಲ್ಲ.

ಎಲ್ಲ ದಾಟಿ ಗೆದ್ದರೂ ಎಷ್ಟು ಸಿಕ್ಕೀತೆಂದು ಹೇಳುವ ಸೂತ್ರವಿಲ್ಲ. ಮುಂಬೈಯಲ್ಲಿ 1998ರಲ್ಲಿ ಸಂಭವಿಸಿದ ಅನುರಾಧಾ ಸಹಾ ಸಾವಿನ ಪ್ರಕರಣದಲ್ಲಿ 2013ರಲ್ಲಿ 5.96 ಕೋಟಿ ರೂಪಾಯಿ ಪರಿಹಾರ ಘೋಷಿಸಿದ ಸುಪ್ರೀಂ ಕೋರ್ಟು, ಮೋಟಾರು ಪ್ರಕರಣದ ಗುಣಕ ಪದ್ಧತಿಗೆ ಇಲ್ಲಿ ಕಟ್ಟುಬೀಳಲು ಒಪ್ಪಲಿಲ್ಲ. ಅಮೆರಿಕದಲ್ಲಿ ನೆಲೆಸಿದ್ದ ವೈದ್ಯ ಪತಿ ಹದಿನೈದು ವರ್ಷ ಬಿಡದೆ ಹೋರಾಡಿದ್ದರಿಂದ ಬಂದ ಮೊತ್ತವದು. ಸೂತ್ರ ಬೇಡವೆಂದದ್ದು ಅವರಿಗೆ ಲಾಭವಾಯಿತು. ಅಂದಾಜೇ ಸಿಗದ ಗುಳೇದಗುಡ್ಡದ ನೇಕಾರನ ಮನೆಯವರಿಗೆ ಅದೇ ಅಡ್ಡಿ. ಕೈಯಲ್ಲಿರುವ ರಾಜಿಯ ಹಣವೋ, ಎಷ್ಟೋ ವರ್ಷದ ನಂತರದ ಎಷ್ಟೋ ಹಣವೋ ಎಂಬ ಪ್ರಶ್ನೆ ಬಂದಾಗ ಅವರು ಆರಿಸುವುದು ತಪ್ಪೆನ್ನಲಾಗದು.

ಸರ್ಕಾರಿ ಆಸ್ಪತ್ರೆಯ ರೋಗಿಗೆ ಈ ಆಯ್ಕೆಯೂ ಕಡಿಮೆ. ಎಲ್ಲರಿಗೂ ಉಚಿತ ಚಿಕಿತ್ಸೆ ನೀಡುವ ಆಸ್ಪತ್ರೆ ಗ್ರಾಹಕ ಕಾನೂನಿನ ಹೊರಗೆ ಉಳಿಯುತ್ತದೆಂದು ವಿ.ಪಿ. ಶಾಂತಾ ತೀರ್ಪೇ ಹೇಳಿದೆ. ಸಿವಿಲ್ ದಾವೆ ಅಥವಾ ಹೈಕೋರ್ಟಿಗೆ ರಿಟ್ ಅರ್ಜಿ ಉಳಿದ ದಾರಿಗಳು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಹೆರಿಗೆಯ ನಂತರ ತಾಯಂದಿರು ಮೃತಪಟ್ಟು, ಅವರಿಗೆ ನೀಡಿದ್ದ ದ್ರಾವಣದ ಗುಣಮಟ್ಟದ ಬಗ್ಗೆ ಸಂಶಯ ಎದ್ದಾಗ ಕುಟುಂಬಗಳಿಗೆ ಹಣ ಬಂದದ್ದು ಸರ್ಕಾರದ ಘೋಷಣೆಯಿಂದ. ಸುದ್ದಿಯಾಗದ ಸಾವಿಗೆ ಘೋಷಣೆ ಎಲ್ಲಿಯದು?

ವೈದ್ಯರ ಅಳಲನ್ನೂ ಕೇಳಬೇಕು. ತಾಲ್ಲೂಕು ಕೇಂದ್ರದ ಹತ್ತು ಹಾಸಿಗೆಯ ನರ್ಸಿಂಗ್ ಹೋಮ್‌ನಲ್ಲಿ ಒಬ್ಬರೇ ವೈದ್ಯ ದಂಪತಿ ಹಗಲುರಾತ್ರಿ ದುಡಿಯುತ್ತಾರೆ. ಒಂದು ಗಲಾಟೆ ನಡೆದರೆ ಮರುದಿನದಿಂದ ಕಷ್ಟದ ಹೆರಿಗೆಯನ್ನು ಅವರು ಮುಟ್ಟುವುದಿಲ್ಲ. ಬಾಗಲಕೋಟೆಗೋ ಹುಬ್ಬಳ್ಳಿಗೋ ಕಳಿಸುತ್ತಾರೆ. ದಾರಿಯಲ್ಲಿ ಕಳೆದ ಎರಡು ತಾಸಿನ ಹೊಣೆ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಲಾರಿಗೆ ಕಡ್ಡಾಯವಾದ ವಿಮೆ ಆಸ್ಪತ್ರೆಗೂ ಕಡ್ಡಾಯವಾಗಿದ್ದರೆ ವೈದ್ಯರಿಗೂ ರೋಗಿಗೂ ಒಟ್ಟಿಗೇ ಅನುಕೂಲವಾಗುತ್ತಿತ್ತು. ಬೆಳಗಾವಿ ಅಧಿವೇಶನದ ಹೊತ್ತಿಗೆ, 2017ರ ನವೆಂಬರ್‌ನಲ್ಲಿ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಮಸೂದೆಯ ವಿರುದ್ಧ ವೈದ್ಯರು ಮುಷ್ಕರ ಹೂಡಿದಾಗ ಚರ್ಚೆಯೆಲ್ಲ ಜೈಲು ಮತ್ತು ದರದ ಸುತ್ತಲೇ ತಿರುಗಿತು. ತಿದ್ದುಪಡಿಯಾದ ಕಾಯ್ದೆ ಜಿಲ್ಲಾಧಿಕಾರಿ ನೇತೃತ್ವದಲ್ಲಿ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವನ್ನು ಕೊಟ್ಟಿತು, ಬಾಕಿ ಹಣಕ್ಕಾಗಿ ಶವ ತಡೆಹಿಡಿಯುವುದನ್ನು ನಿಷೇಧಿಸಿತು. ಗಾಯಾಳುವಿಗೆ ಪರಿಹಾರದ ದಾರಿಯನ್ನು ಮಾತ್ರ ಸುಗಮಗೊಳಿಸಲಿಲ್ಲ.

ಯಾವ ಬಾಗಿಲು ತಟ್ಟಬೇಕೆಂಬುದು ಮೊದಲ ದಿನದ ಕಾರಣ ನಿರ್ಣಯವನ್ನು ಎಷ್ಟು ಅವಲಂಬಿಸಿದೆ ಎಂಬುದಕ್ಕೆ ಇಳಕಲ್ ಸಾಕ್ಷಿ. 2024ರ ನವೆಂಬರ್‌ನಲ್ಲಿ ಅಲ್ಲಿ ಹೇರ್ ಡ್ರೈಯರ್ ಸಿಡಿದು ಮಹಿಳೆಯೊಬ್ಬರ ಕೈಗಳು ಛಿದ್ರವಾದಾಗ, ದೋಷಪೂರಿತ ಸರಕು ಎಂದೇ ಎಲ್ಲರೂ ಭಾವಿಸಿದರು. ಹಾಗಾಗಿದ್ದರೆ 2019ರ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯ ತಯಾರಕನನ್ನು ಹಿಡಿಯುತ್ತಿತ್ತು. ಕೆಲವೇ ದಿನಗಳಲ್ಲಿ ಪೊಲೀಸರು ಒಬ್ಬನನ್ನು ಬಂಧಿಸಿ, ಒಳಗೆ ಡಿಟೊನೇಟರ್ ಇಡಲಾಗಿತ್ತೆಂದು ಆರೋಪಿಸಿದರು. ಅಲ್ಲಿಗೆ ಗ್ರಾಹಕ ಪ್ರಕರಣ ಹೋಗಿ ಕ್ರಿಮಿನಲ್ ಪ್ರಕರಣ ನಿಂತಿತು. ಆ ಆರೋಪ ಹೊರಬಂದದ್ದು ಪೊಲೀಸರ ತನಿಖೆಯಿಂದ.

ಆಸ್ಪತ್ರೆಯ ಸಾವಿನಲ್ಲಿ ಆ ತನಿಖೆಗೆ ಸಮನಾದದ್ದು ಮರಣೋತ್ತರ ಪರೀಕ್ಷೆ. ರಾಜಿ ಮಾಡಿಸುವ ಹಿರಿಯರು ಮೊದಲು ಬೇಡವೆನ್ನುವುದು ಅದನ್ನೇ. ಬಾಂಡ್ ಕಾಗದದ ಮೇಲೆ ‘ನಮ್ಮದೇನೂ ತಕರಾರಿಲ್ಲ’ ಎಂದು ಬರೆಸಿ ಸಹಿ ಪಡೆಯಲಾಗುತ್ತದೆ. ದಿನಕರ್ಮ ಮುಗಿದ ಮೇಲೆ ಯಾರೋ ತಿಳಿದವರ ಮಾತು ಕೇಳಿ ಕುಟುಂಬ ಗ್ರಾಹಕ ಆಯೋಗಕ್ಕೆ ಹೋದರೂ ಅವರ ಬಳಿ ಮರಣೋತ್ತರ ವರದಿ ಇರುವುದಿಲ್ಲ, ಕೇಸ್ ಶೀಟ್ ಇರುವುದಿಲ್ಲ; ಬಾಂಡ್ ಕಾಗದದ ಮೂಲ ಪ್ರತಿ ಮಾತ್ರ ಎದುರು ಪಕ್ಷದ ಕಡತದಲ್ಲಿ ಭದ್ರವಾಗಿರುತ್ತದೆ.